ದೋಟಿಯ ತುದಿಗೆ ಐದು ಕಡ್ಡಿ

ನಮ್ಮ ಮನೆಗೆ ಯಾರೇ ಬಂದರೂ ಮೊದಲು ಕೈಕಾಲಿಗೆ ನೀರು, ಆಮೇಲೆ ಬೆಲ್ಲ ಮತ್ತು ನೀರು, ಮೂರನೆಯದಾಗಿ “ನಿಮ್ಮದರಲ್ಲಿ ರೇಂಜ್ ಉಂಟಾ?” ಎಂಬ ಪ್ರಶ್ನೆ. ಮೊದಲಿನ ಎರಡು ಹೆಂಡತಿಯ ಖಾತೆ, ಮೂರನೆಯದು ನನ್ನದು. ಬಂದವರು ಪಾಪ ಕಿಸೆಯಿಂದ ಫೋನು ತೆಗೆದು “ಎರಡು ಕಡ್ಡಿ ಕಾಣ್ತದೆ” ಎನ್ನುವಷ್ಟರಲ್ಲಿ ನಾನು ಒಳಗಿನಿಂದ ಪುಸ್ತಕ ತಂದು ಎದುರು ಕೂತಾಗಿರುತ್ತದೆ. ಅಡಕೆ ಲೆಕ್ಕದ ಉದ್ದ ಪುಸ್ತಕ ಅದು. ಎದುರಿನಿಂದ ಬಿಡಿಸಿದರೆ ಚಾಲಿ, ಪಟೋರ, ಕೋಕ ಎಂದು ಕ್ರಯ. ಹಿಂದಿನಿಂದ ಬಿಡಿಸಿದರೆ ರೇಂಜ್. ಹಿಂದಿನ ಪುಟಗಳು ಮುಂದೆ ಬರುವ ವೇಗ ನೋಡಿದರೆ ಮುಂದಿನ ವರ್ಷ ಅಡಕೆಗೆ ಜಾಗ ಇರುವುದಿಲ್ಲ ಎಂದು ಅಮ್ಮನ ಆತಂಕ.

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ನೀವು ನೆಟ್‌ವರ್ಕ್, ಸಿಗ್ನಲ್ ಎನ್ನುವುದು ನಮಗೆ ರೇಂಜ್. ಅದು ಇಲ್ಲದಿದ್ದರೆ ತುಳುವಿನಲ್ಲಿ ‘ರೇಂಜ್ ಇಜ್ಜಿ’. ಹೇಳುವ ಧಾಟಿಯಲ್ಲಿ ದುಃಖವೇನೂ ಇರುವುದಿಲ್ಲ. ಯಜಮಾನರು ಮನೆಯಲ್ಲಿ ಇಲ್ಲ, ಬಿ.ಸಿ. ರೋಡಿಗೆ ಹೋಗಿದ್ದಾರೆ, ಬಂದಾಗ ಬರುತ್ತಾರೆ ಎಂಬ ಹಾಗೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರು ತಾಲೂಕುಗಳೂ ಒಂದಕ್ಕೊಂದು ಬೆನ್ನು ಹಾಕಿ ನಿಂತ ಕಡೆ ನಮ್ಮ ಮನೆ. ವೇಣೂರು, ಸಿದ್ಧಕಟ್ಟೆ, ಶಿರ್ತಾಡಿಗಳ ನಡುವೆ ಎಲ್ಲೋ ಎಂದು ತಿಳಿದುಕೊಂಡರೆ ಸಾಕು, ದಾರಿ ಕೇಳಿಕೊಂಡು ಬರುವಾಗ ನಿಮ್ಮ ಮ್ಯಾಪು ಹೇಗೂ ಕೈ ಕೊಡುತ್ತದೆ. ಸುತ್ತ ಗುಡ್ಡ, ನಡುವೆ ಬೋಗುಣಿಯ ತಳದಂತೆ ತೋಟ, ತೋಟದ ತಲೆಗೆ ಮನೆ. ಅಜ್ಜ ನೀರು ನೋಡಿ ಮನೆ ಕಟ್ಟಿದ್ದು, ರೇಂಜ್ ನೋಡಿ ಅಲ್ಲ. ನೀರು ಇಳಿದು ಬರುವ ಜಾಗಕ್ಕೆ ಅಲೆ ಇಳಿದು ಬರುವುದಿಲ್ಲ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮೇಲಿಂದ ಒಂದೂವರೆ ಅಡಿ ದಪ್ಪದ ಮುರಕಲ್ಲಿನ ಗೋಡೆ. ಹೆಂಚಿನ ಮಾಡಿನ ಮೂಲಕ ರೇಂಜ್ ಅಷ್ಟಿಷ್ಟು ಸೋರುತ್ತದೆ. ಗೋಡೆಯ ಮೂಲಕ ಹನಿಯೂ ಇಲ್ಲ. ಹಾಗಾಗಿ ನಮ್ಮಲ್ಲಿ ಮುಖ್ಯವಾದ ಮಾತುಕತೆಗಳೆಲ್ಲ ಅಟ್ಟದಲ್ಲಿ ನಡೆಯುತ್ತವೆ. ಮಗಳ ಪಿ.ಯು. ಸೀಟು ಗೊತ್ತಾದದ್ದು ಹಳೆಯ ಕಡಾಯಿ ಮತ್ತು ಒಡೆದ ಆರಾಮ ಕುರ್ಚಿಗಳ ನಡುವೆ.

ಇನ್ನು ಕಡ್ಡಿಗಳ ವಿಷಯ. ಫೋನಿನ ಮೂಲೆಯಲ್ಲಿ ಮೆಟ್ಟಿಲಿನ ಹಾಗೆ ನಿಂತಿರುವ ಆ ನಾಲ್ಕೈದು ಕಡ್ಡಿಗಳಷ್ಟು ದೊಡ್ಡ ಸುಳ್ಳುಗಾರರನ್ನು ನಾನು ಪಂಚಾಯತ್ ಚುನಾವಣೆಯಲ್ಲೂ ನೋಡಿಲ್ಲ. ಎಷ್ಟು ಬಲ ಇದ್ದರೆ ಎಷ್ಟು ಕಡ್ಡಿ ತೋರಿಸಬೇಕು ಎಂಬುದಕ್ಕೆ ಎಲ್ಲರೂ ಒಪ್ಪಿದ ನಿಯಮವೇ ಇಲ್ಲ. ಒಬ್ಬ ಮೂರು ತೋರಿಸುವಲ್ಲಿ ಇನ್ನೊಬ್ಬ ನಾಲ್ಕು ತೋರಿಸಿದರೆ ಕೇಳುವವರಿಲ್ಲ. 2010ರಲ್ಲಿ ಐಫೋನ್ 4 ಬಂದಾಗ ಎಡಗೈಯಲ್ಲಿ ಹಿಡಿದರೆ ಸಿಗ್ನಲ್ ಬೀಳುತ್ತದೆ ಎಂದು ಲೋಕವೆಲ್ಲ ಗಲಾಟೆ ಎಬ್ಬಿಸಿತಲ್ಲ, ಆಗ ಕಂಪೆನಿಯೇ ಒಂದು ಪತ್ರ ಬರೆದು, ಕಡ್ಡಿ ಲೆಕ್ಕ ಹಾಕುವ ನಮ್ಮ ಸೂತ್ರವೇ ತಪ್ಪಿತ್ತು, ಎಷ್ಟೋ ಕಡೆ ಇರಬೇಕಾದ್ದಕ್ಕಿಂತ ಎರಡು ಕಡ್ಡಿ ಹೆಚ್ಚು ತೋರಿಸುತ್ತಿದ್ದೆವು ಎಂದು ಒಪ್ಪಿಕೊಂಡಿತು. ಆಮೇಲೆ ಸ್ಟೀವ್ ಜಾಬ್ಸ್ ಎಲ್ಲರಿಗೂ ಪುಕ್ಕಟೆ ಕವರು ಹಂಚಿದರು. ಎರಡು ಕಡ್ಡಿ! ನಮ್ಮಲ್ಲಿ ಒಂದು ಕಡ್ಡಿಗಾಗಿ ಜನ ಬಾವಿಕಟ್ಟೆಯ ಮೇಲೆ ಒಂದು ಕಾಲಲ್ಲಿ ನಿಲ್ಲುತ್ತಾರೆ.

ನಿಜವಾದ ಲೆಕ್ಕ ಇರುವುದು ಸೆಟ್ಟಿಂಗ್ಸ್‌ನ ಹೊಟ್ಟೆಯೊಳಗೆ. ‘ಫೋನ್ ಬಗ್ಗೆ’ ಎಂಬಲ್ಲಿ ಹೊಕ್ಕು ಸಿಮ್ ಸ್ಥಿತಿ ಎಂಬುದನ್ನು ಒತ್ತಿದರೆ −97 ಡಿಬಿಎಂ, −112 ಡಿಬಿಎಂ ಎಂದು ಒಂದು ಸಂಖ್ಯೆ ಕಾಣುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಇದನ್ನು ಮೊದಲ ಸಲ ಹೆಂಡತಿಗೆ ವಿವರಿಸಿದಾಗ ಅವಳು, “ಎಲ್ಲ ಮೈನಸ್ಸೇ ಉಂಟಲ್ಲ, ಇದೂ ಸೊಸೈಟಿ ಸಾಲದ ಲೆಕ್ಕವಾ?” ಎಂದಳು. ಅವಳಿಗೆ ತಮಾಷೆ. ಆದರೆ ನೋಡಿ, ಹತ್ತು ಇಳಿದರೆ ಬಲ ಹತ್ತನೇ ಒಂದು ಪಾಲು. ಇಪ್ಪತ್ತು ಇಳಿದರೆ ನೂರರಲ್ಲಿ ಒಂದು. ಮೂವತ್ತು ಇಳಿದರೆ ಸಾವಿರದಲ್ಲಿ ಒಂದು. ನಮ್ಮ ಅಂಗಳದಿಂದ ಬಚ್ಚಲಿಗೆ ಹೋಗುವ ಇಪ್ಪತ್ತು ಹೆಜ್ಜೆಯಲ್ಲಿ ನಾನು ಎಷ್ಟೋ ಪಟ್ಟು ಬಡವನಾಗುತ್ತೇನೆ. −100 ಎಂದರೆ ಒಂದು ಮಿಲಿವಾಟಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲೇ ಫೋನು ಮಾತಾಡುತ್ತದೆ, ಹಾಡುತ್ತದೆ, ಅಡಕೆ ರೇಟು ಹೇಳುತ್ತದೆ. ಇದನ್ನು ಯೋಚಿಸಿ ನನಗೆ ಒಂದು ರಾತ್ರಿ ನಿದ್ದೆ ಬರಲಿಲ್ಲ. ಹೆಂಡತಿಗೆ ಬಂತು.

ಮನೆಯಲ್ಲಿ ಫೋನು ನಾಲ್ಕು. ನನ್ನದು ಮೂವತ್ತೆರಡು ಸಾವಿರದ್ದು. ಕೊಳ್ಳುವಾಗ ಅಂಗಡಿಯ ಹುಡುಗ “ಇದರಲ್ಲಿ ರೇಂಜ್ ಎಳೀತದೆ ಸರ್” ಎಂದದ್ದಕ್ಕೆ ಬಿದ್ದೆ. ಮಗಳದ್ದು ಅದರ ಅರ್ಧ ಬೆಲೆಯದ್ದು. ಹೆಂಡತಿಯದ್ದು ನಾನು ಬಿಟ್ಟ ಹಳೆಯದು. ಅಮ್ಮನದ್ದು ಒತ್ತುವ ಬಟನ್ನಿನದ್ದು, ಸಾವಿರದ ಮುನ್ನೂರು ರೂಪಾಯಿ, ಟಾರ್ಚು ಸಮೇತ. ಅಡುಗೆಮನೆಯಲ್ಲಿ ಕಡೆಯುವ ಕಲ್ಲಿನ ಮೇಲೆ ಇಟ್ಟ ಆ ಫೋನಿಗೆ ಸದಾ ರೇಂಜ್. ನನ್ನ ಫೋನನ್ನು ಅದರ ಪಕ್ಕದಲ್ಲೇ ಇಟ್ಟರೆ ಇಜ್ಜಿ. ಅವಮಾನವೆಂದರೆ ಇದು.

ಕಾರಣ ಇದೆ, ನಾನು ಹುಡುಕಿದ್ದೇನೆ. ಅಮ್ಮನ ಫೋನು ಹಳೆಯ 2ಜಿಯಲ್ಲೇ ಕೂತಿದೆ. 900 ಮೆಗಾಹರ್ಟ್ಜ್‌ನ ಅಲೆ, ಹೆಚ್ಚುಕಡಿಮೆ ಒಂದು ಅಡಿ ಉದ್ದ. ಗುಡ್ಡದ ತಲೆಯಲ್ಲಿ ಬಾಗಿ, ಮರದ ಸಂದಿಯಲ್ಲಿ ನುಸುಳಿ, ದಣಿದರೂ ಬಂದು ತಲುಪುವ ಹಳೆಯ ಕಾಲದ ಪೋಸ್ಟ್‌ಮ್ಯಾನ್. 5ಜಿಯ 3500 ಮೆಗಾಹರ್ಟ್ಜ್ ಅಲೆ ಎಂಟೂವರೆ ಸೆಂಟಿಮೀಟರ್; ಹೊರೆ ಹೊರೆ ಸಾಮಾನು ತರುತ್ತದೆ, ಆದರೆ ಕಾರು ಗೇಟಿನವರೆಗೆ ಬಂದರೆ ಮಾತ್ರ. ಆಟಿಯ ಮಳೆಯಲ್ಲಿ ಒದ್ದೆಯಾದ ಒಂದು ತೋಟದ ಸೋಗೆಗಳನ್ನು ದಾಟುವ ಹೊತ್ತಿಗೆ ಅದರ ಕತೆ ಮುಗಿದಿರುತ್ತದೆ. ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ, “ಇರಲಿ ಮಗಾ, ನಿನಗೆ ಯಾರಿಗಾದರೂ ಮಾತಾಡ್ಲಿಕ್ಕಿದ್ದರೆ ನನ್ನದರಲ್ಲಿ ಮಾತಾಡು” ಎಂದರು. ಮೂವತ್ತೆರಡು ಸಾವಿರ!

ಹೋಲಿಸುವುದಾದರೆ ಸರಿಯಾಗಿ ಹೋಲಿಸಬೇಕು ಎಂದು ನಾನು ನಿಯಮ ಮಾಡಿದೆ. ಎಲ್ಲ ಫೋನಿಗೂ ಒಂದೇ ಸಿಮ್, ಒಂದೇ ಜಾಗ, ಒಂದೇ ಎತ್ತರ, ಒಂದೇ ಕೈ. ಸಿಮ್ ತೆಗೆಯುವ ಪಿನ್ನು ಕಳೆದುಹೋದ್ದರಿಂದ ಹೆಂಡತಿಯ ಕಿವಿಯೋಲೆ. ವೈಫೈಗೂ ಇದೇ ನಿಯಮ. ಮೋಡೆಮ್ ಇರುವುದು ಚಾವಡಿಯಲ್ಲಿ. 5 ಗಿಗಾಹರ್ಟ್ಜ್‌ನದ್ದು ಒಂದು ಮುರಕಲ್ಲಿನ ಗೋಡೆ ದಾಟಿ ಏದುಸಿರು ಬಿಡುತ್ತದೆ, 2.4ರದ್ದು ಎರಡು ಗೋಡೆ ದಾಟಿ ಹಟ್ಟಿಯವರೆಗೆ ಹೋಗುತ್ತದೆ. ಹಟ್ಟಿಯಲ್ಲಿ ದನದ ಈಚೆ ನಿಂತರೆ −64, ಆಚೆ ನಿಂತರೆ −71. ಮೂರು ಫೋನಿನಲ್ಲಿ ಮೂರು ಸಲ ನೋಡಿದೆ, ಅಷ್ಟೇ. ಏಳು ಡಿಬಿ ಎಂದರೆ ಐದರಲ್ಲಿ ನಾಲ್ಕು ಪಾಲು ವೈಫೈಯನ್ನು ದನ ನುಂಗಿದೆ. ದನವೆಂದರೆ ಹೆಚ್ಚಿನ ಪಾಲು ನೀರು ತಾನೇ, ನೀರು ಆ ಅಲೆಯನ್ನು ಕುಡಿಯುತ್ತದೆ. ಪುಸ್ತಕದಲ್ಲಿ ಬರೆದುಕೊಂಡೆ: ‘ದನ = 7 ಡಿಬಿ’. ಅದರ ಕೆಳಗೆ ಮಗಳ ಅಕ್ಷರದಲ್ಲಿ, ‘ಅಪ್ಪ = ?’

ಮನೆಯಲ್ಲಿ ಮುಗಿದ ಮೇಲೆ ಊರು. ಸ್ಕೂಟರಿನ ಎದುರಿನ ಬುಟ್ಟಿಯಲ್ಲಿ ಮೂರು ಫೋನು ಇಟ್ಟುಕೊಂಡು ಹೊರಟೆ. ಬಿ.ಸಿ. ರೋಡಿನಲ್ಲಿ ಮೂರಕ್ಕೂ ತುಂಬು ರೇಂಜ್, ಆದರೆ ಬಸ್ಸಿನ ಹಾರ್ನಿನಲ್ಲಿ ಮಾತು ಕೇಳುವುದಿಲ್ಲ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ ಎಲ್ಲ ಸುಖವಾಗಿ ದಾಟಿ, ಚಾರ್ಮಾಡಿ ಘಾಟಿ ಹತ್ತುತ್ತಿದ್ದ ಹಾಗೆ ಮೂರೂ ಒಂದೇ ಸಲ ಮಲಗಿದವು. ಅಲ್ಲಿ ಬಡವ ಬಲ್ಲಿದ ಭೇದವಿಲ್ಲ. ಕಾರಿಂಜದ ಬಂಡೆಯ ಮೇಲೆ ಅದ್ಭುತ ರೇಂಜ್, ಆದರೆ ಅಲ್ಲಿನ ಮಂಗಗಳು ನನಗಿಂತ ಆಸೆಯಿಂದ ಫೋನು ನೋಡತೊಡಗಿದ್ದರಿಂದ ಅಂಕಿ ಬರೆದುಕೊಳ್ಳದೆ ಇಳಿದೆ. ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ಒಳಗೆ ಹೋದರೆ ಕಲ್ಲಿನ ತಂಪು; ಫೋನು ತೆಗೆಯಲು ಮನಸ್ಸು ಬರಲಿಲ್ಲ. ವೇಣೂರಿನಲ್ಲಿ 35 ಅಡಿಯ ಬಾಹುಬಲಿಯ ಎದುರು ನಿಂತು ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದೆ. 1604ರಿಂದ ಕೈ ಕೆಳಗೆ ಬಿಟ್ಟು ನಿಂತವನ ಎದುರು ಕೈ ಮೇಲೆತ್ತಿ ನಿಂತವನು. ಪಕ್ಕದಲ್ಲಿ ಯಾರೋ ಅಜ್ಜಿ ಮೊಮ್ಮಗನಿಗೆ, “ನೋಡು, ಅವರು ಹರಕೆ ಹೊತ್ತಿರಬೇಕು” ಎಂದರು. ಅಲ್ಲ ಎನ್ನಲು ಬಾಯಿ ಬರಲಿಲ್ಲ.

ಇಷ್ಟಕ್ಕೆ ನಿಲ್ಲುತ್ತಿತ್ತೋ ಏನೋ. ಆದರೆ ಮೇ ತಿಂಗಳ ಕೊನೆಗೆ ಬೆಂಗಳೂರಿನಿಂದ ಭಾವ ಬಂದ. ಹೆಂಡತಿಯ ತಮ್ಮ. ಕಂಪ್ಯೂಟರಿನ ಕೆಲಸ. “ಒಂದು ವಾರ ಇಲ್ಲಿಂದಲೇ ವರ್ಕ್ ಮಾಡ್ತೇನೆ ಭಾವ, ಎಂಥ ಶಾಂತಿ ಇಲ್ಲಿ!” ಎಂದು ಕಾಲು ಚಾಚಿದ. ಇಲ್ಲಿನ ಶಾಂತಿಗೆ ಕಾರಣ ಫೋನು ಬಾರದಿರುವುದು ಎಂಬುದು ಬೆಂಗಳೂರಿನವರಿಗೆ ಹೊಳೆಯುವುದೇ ಇಲ್ಲ. ಅವರಿಗೆ ನಮ್ಮ ಹಸಿರೂ ಬೇಕು, ಹಸಿರಿನ ಹಿಂದೆ ಅಡಗಿದ ಟವರೂ ಬೇಕು, ಮತ್ತೆ ಟವರು ಕಣ್ಣಿಗೆ ಕಾಣಬಾರದು.

ವೈಫೈ ಇದ್ದಷ್ಟು ದಿನ ತೊಂದರೆ ಆಗಲಿಲ್ಲ. ಫೈಬರ್ ಬಂದ ಮೇಲೆ ಮಗಳು ಫೋನಿನಲ್ಲಿ ವೈಫೈ ಕಾಲಿಂಗ್ ಎಂಬ ಗುಂಡಿ ಒತ್ತಿಕೊಟ್ಟಿದ್ದಳು. 2019ರ ಕೊನೆಗೆ ನಮ್ಮ ದೇಶದಲ್ಲಿ ಶುರುವಾದ ವ್ಯವಸ್ಥೆ. ರೇಂಜ್ ಇಲ್ಲದಿದ್ದರೂ ಮೋಡೆಮ್ ಮೂಲಕವೇ ಮಾತು. ಅದರಿಂದ ನನ್ನ ಪುಸ್ತಕಕ್ಕೇ ಅರ್ಥವಿಲ್ಲದಂತಾಗಿ ನಾನು ಎರಡು ದಿನ ಮಂಕಾಗಿದ್ದೆ. ಭಾನುವಾರ ಸಂಜೆ ಕುದುರೆಮುಖದ ಕಡೆಯಿಂದ ಗುಡುಗಿತು. ಮೊದಲ ಗುಡುಗಿಗೆ “ಪಿನ್ನು ತೆಗೀರಿ!” ಎಂದು ಯಾರಾದರೂ ಕೂಗುವುದು, ಇನ್ಯಾರಾದರೂ ಓಡಿಹೋಗಿ ಮೋಡೆಮಿನ ಪಿನ್ನು ಕೀಳುವುದು ನಮ್ಮ ಕಡೆಯ ಸಂಧ್ಯಾವಂದನೆ. ಅವತ್ತು ಎಲ್ಲರೂ ಕೂಗಿದೆವು, ಯಾರೂ ಓಡಲಿಲ್ಲ. ಗಾಜಿನ ಎಳೆಯಲ್ಲಿ ಸಿಡಿಲು ಬರುವುದಿಲ್ಲ, ನಿಜ. ಅದು ಕರೆಂಟಿನ ದಾರಿಯಲ್ಲಿ ಬಂತು. ಟಪ್ ಎಂದು ಒಂದು ಸದ್ದು, ಸುಟ್ಟ ವಾಸನೆ, ಮೋಡೆಮ್ ಕಣ್ಣು ಮುಚ್ಚಿತು. ಭಾವನಿಗೆ ಸೋಮವಾರ ಹನ್ನೊಂದು ಗಂಟೆಗೆ ಮೀಟಿಂಗ್.

“ಮೂಡುಬಿದಿರೆಗೆ ಹೋಗಿ ಯಾವುದಾದರೂ ಹೋಟೆಲಲ್ಲಿ ಕೂತ್ಕೊ” ಎಂದಳು ಅವನ ಅಕ್ಕ. ಇದು ಬುದ್ಧಿವಂತರ ಮಾತು. “ಇಲ್ಲದಿದ್ದರೆ ಪದವಿಗೆ ಹೋಗು, ಹತ್ತು ನಿಮಿಷದ ದಾರಿ” ಎಂದು ಸೇರಿಸಿದಳು. ಆ ಎರಡನೆಯದು ನನಗೆ ಬೇಡವಿತ್ತು.

ಪದವೆಂದರೆ ಮನೆಯ ಹಿಂದಿನ ಗುಡ್ಡದ ಮೇಲಿನ ಬಯಲು, ಮುರಕಲ್ಲಿನ ಹಾಸು. ಅಲ್ಲಿ ಎಲ್ಲ ಕಂಪೆನಿಗೂ ರೇಂಜ್. 2020ರಲ್ಲಿ ಶಾಲೆಗಳು ಮುಚ್ಚಿದಾಗ ಅಲ್ಲೊಂದು ಟರ್ಪಾಲು ಕಟ್ಟಿದ್ದೆವು. ಸುತ್ತಲಿನ ಮನೆಗಳ ಒಂಬತ್ತು ಮಕ್ಕಳು ಎರಡು ಮಳೆಗಾಲ ಅಲ್ಲಿ ಕೂತು ಪಾಠ ಕೇಳಿದವು. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನಲ್ಲಿ ರಸ್ತೆ ಬದಿ ಕೂತ ಮಗಳ ತಲೆಗೆ ಕೊಡೆ ಹಿಡಿದು ನಿಂತ ಅಪ್ಪನ ಫೋಟೋ ದೇಶವೆಲ್ಲ ಓಡಾಡಿತಲ್ಲ, ಅದನ್ನು ನಾವು ನೋಡಿದ್ದು ನಾಲ್ಕು ದಿನ ತಡವಾಗಿ, ಅದೇ ಪದವಿನಲ್ಲಿ, ಕೊಡೆ ಹಿಡಿದುಕೊಂಡು. ಮರುವರ್ಷ ಕೇಂದ್ರ ಸರಕಾರ ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆ ಒಪ್ಪಿತು. ನಮಗೆ ಅದು ಬರುವುದಿಲ್ಲ. ನಮ್ಮಲ್ಲಿ ಸಂಪರ್ಕ ಇದೆಯಲ್ಲ, ಪದವಿನಲ್ಲಿ.

ಅದೇ ವರ್ಷದ ಒಂದು ರಾತ್ರಿ ಕೆಳಮನೆಯ ಅಜ್ಜನಿಗೆ ಎದೆನೋವು. ಅಮ್ಮನ ಫೋನಿಗೂ ಅವತ್ತು ರೇಂಜ್ ಇರಲಿಲ್ಲ. ಎರಡು ದಿನದಿಂದ ಕರೆಂಟಿಲ್ಲದೆ ಅದರ ಟವರೂ ಮಲಗಿತ್ತು. 108ಕ್ಕೆ ಕರೆ ಮಾಡಲು ನಾನು ಟಾರ್ಚು ಹಿಡಿದು ಪದವಿಗೆ ಓಡಿದೆ. ಮೂರು ಫೋನು ಕೊಂಡುಹೋಗಿದ್ದೆ, ಯಾವುದರಲ್ಲಿ ಮೊದಲು ಸಿಗುತ್ತದೆ ಎಂದು ಗೊತ್ತಿಲ್ಲದೆ. ಮಳೆಯಲ್ಲಿ ಒಂದೊಂದನ್ನೇ ಎತ್ತಿ ಹಿಡಿದು, ಕೆಳಗಿಳಿಸಿ ನೋಡಿ, ಮತ್ತೆ ಎತ್ತಿ. ಎಷ್ಟು ಹೊತ್ತು ಎಂದು ಲೆಕ್ಕ ಇಟ್ಟಿಲ್ಲ. ಗಾಡಿ ಬಂತು, ಅವರ ತಪ್ಪು ಏನೂ ಇಲ್ಲ. ಅಜ್ಜ ದಾರಿಯಲ್ಲಿ ಹೋದರು. ಅವರಿಗೆ ಎಂಬತ್ತಾರು ವರ್ಷ, ಮೊದಲೇ ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಹೇಳಲಿಲ್ಲ. ಪುಸ್ತಕದ ಹಿಂದಿನ ಮೊದಲ ಪುಟದಲ್ಲಿ ಆ ತಾರೀಕು ಇದೆ. ಮಗಳೂ ಅದನ್ನು ಕೇಳುವುದಿಲ್ಲ.

ಇರಲಿ. ನಾನು ಹೇಳಿದ್ದು ಇಷ್ಟೇ: “ಪದವಿಗೆ ಯಾಕೆ? ದೋಟಿ ಉಂಟಲ್ಲ.”

ದೋಟಿ ಎಂದರೆ ಅಡಕೆ ಕೊಯ್ಯುವ ಕೋಲು. ಹಿಂದೆ ಬಿದಿರಿನದ್ದಿತ್ತು, ಈಗ ಕಾರ್ಬನ್ ಫೈಬರ್. ಹಳೆಯ ರೇಡಿಯೋದ ಆಂಟೆನಾದಂತೆ ಒಂದರೊಳಗೊಂದು ಗೆಣ್ಣು; ಎಳೆದು ಲಾಕ್ ಮಾಡುತ್ತಾ ಹೋದರೆ 60 ಅಡಿ. ಮರ ಹತ್ತುವವರು ಸಿಗದ ಈ ಕಾಲದಲ್ಲಿ ನಮ್ಮ ತೋಟಗಳನ್ನು ಉಳಿಸಿದ್ದು ಅದು. ಒಂದು ಮಾತು ತಮಾಷೆಯಲ್ಲದ್ದು: ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ, ವಿದ್ಯುತ್ ತಂತಿಯ ಹತ್ತಿರ, ಗುಡುಗುವಾಗ ಅದನ್ನು ಎತ್ತಿದರೆ ಹೆಣ ಬೀಳುತ್ತದೆ. ಆಕಾಶ ತಿಳಿಯಾಗಿತ್ತು, ತಂತಿ ಇಲ್ಲದ ಮೂಲೆ ನೋಡಿ ಅಂಗಳದ ತೆಂಕು ಬದಿ ಹಿಡಿದೆ. ಬೋರ್ಡೋ ಮದ್ದು ಬಿಡುವ ದಿನ ಗೊತ್ತು ಮಾಡಲು ಕೊಯ್ಲಿನ ಅಣ್ಣ ಬಂದಿದ್ದ. “ಕೊಡಿ ಅಣ್ಣೇರೆ, ನಾನು ಹಿಡೀತೇನೆ” ಎಂದ. ವಿಜ್ಞಾನದ ಕೆಲಸ, ನೀನು ದೂರ ನಿಲ್ಲು ಎಂದೆ. ಆ ಮಾತಿಗೆ ಆಮೇಲೆ ಬೆಲೆ ತೆತ್ತೆ.

ಉಪಾಯ ಸರಳ. ತುದಿಗೆ ಫೋನು ಕಟ್ಟಿ ಹಾಟ್‌ಸ್ಪಾಟ್ ಹಾಕಿ ಎತ್ತಿದರೆ, ಅದು ಮೇಲೆ ಟವರಿನಿಂದ ರೇಂಜ್ ಹಿಡಿದು ಕೆಳಗೆ ವೈಫೈಯಾಗಿ ಸುರಿಸುತ್ತದೆ. ಅಂಗಳದ ಮೇಜಿನಲ್ಲಿ ಭಾವನ ಲ್ಯಾಪ್‌ಟಾಪ್. ಸೈಕಲ್ ಟ್ಯೂಬಿನ ಪಟ್ಟಿಯಿಂದ ಫೋನು ಬಿಗಿದು, ಬಿಸಿಲಿಗೆ ಬಿಸಿಯಾಗದ ಹಾಗೆ ಅದರ ತಲೆಗೆ ಒಂದು ಹಾಳೆಯ ಮುಟ್ಟಾಳೆ ಇಟ್ಟೆ. ಅಂಕಿ ಓದಲಿಕ್ಕೆ ಬೇಕಲ್ಲ ಎಂದು ಪರದೆ ಕೆಳಮುಖವಾಗುವಂತೆ ಕಟ್ಟಿದೆ. ಈ ಒಂದು ವಾಕ್ಯವನ್ನು ನೆನಪಿಡಿ.

ಮೊದಲು ನನ್ನ ಫೋನು ಏರಿತು. 60 ಅಡಿ ಮೇಲಿನ ಅಂಕಿ ಕೆಳಗಿನಿಂದ ಕಾಣುವುದಿಲ್ಲ ಎಂಬುದು ಅದು ಏರಿದ ಮೇಲೆ ಹೊಳೆಯಿತು. ಇಳಿಸಿ, ಮಗಳು ಹೇಳಿದಂತೆ ಪರದೆಯನ್ನೇ ರೆಕಾರ್ಡ್ ಮಾಡುವ ಗುಂಡಿ ಒತ್ತಿ, ಮತ್ತೆ ಏರಿಸಿ ಇಳಿಸಿದೆ: −84. ಸಿಮ್ ಬದಲಿಸಿ ಮಗಳದ್ದು: −86. ಅಂಗಳದಲ್ಲಿ −115 ಇದ್ದದ್ದು! ಸಾವಿರ ಪಟ್ಟು! ನಾನು ಕುಣಿಯುವುದೊಂದು ಬಾಕಿ. ಮೂವತ್ತೆರಡು ಸಾವಿರಕ್ಕೂ ಹದಿನಾರು ಸಾವಿರಕ್ಕೂ ಎರಡೇ ಡಿಬಿ ವ್ಯತ್ಯಾಸ ಎಂಬುದನ್ನು ಹೆಂಡತಿ ಗಟ್ಟಿಯಾಗಿ ಓದಿದ್ದು ಮಾತ್ರ ಅನಗತ್ಯವಾಗಿತ್ತು.

ಹತ್ತು ಐವತ್ತೈದಕ್ಕೆ ಭಾವನ ಫೋನು. ಅವನು ಗಡಿಬಿಡಿಯಲ್ಲಿ ಅದರಲ್ಲೇ ಮೀಟಿಂಗಿಗೆ ಸೇರುವ ಗುಂಡಿ ಒತ್ತಿದ್ದ. ರೇಂಜ್ ಇಲ್ಲದೆ ಗೋಲ ತಿರುಗುತ್ತಿತ್ತು. ತಿರುಗುವುದನ್ನು ಮರೆತು ಹಾಟ್‌ಸ್ಪಾಟ್ ಹಾಕಿ ನನ್ನ ಕೈಗೆ ಕೊಟ್ಟ. ಕಟ್ಟಿದೆ, ಮುಟ್ಟಾಳೆ ಇಟ್ಟೆ, ಏರಿಸಿದೆ. ಲ್ಯಾಪ್‌ಟಾಪಿಗೆ ವೈಫೈ ಬಂತು. “ಬಂತು ಭಾವ, ಬಂತು!” ಎಂದು ಅವನು ಕಿರುಚಿದ. ಮೀಟಿಂಗ್ ತೆರೆಯಿತು. ಆಮೇಲೆ ಒಂದು ಮೌನ.

60 ಅಡಿಯ ದೋಟಿ ಹಿಡಿದವನು ಅತ್ತಿತ್ತ ನೋಡುವ ಹಾಗಿಲ್ಲ. ಕತ್ತು ಹಿಂದಕ್ಕೆ, ಬಾಯಿ ತೆರೆದು, ಕಣ್ಣು ತುದಿಯಲ್ಲಿ. ಆದ್ದರಿಂದ ಮುಂದಿನದೆಲ್ಲ ನಾನು ಕೇಳಿದ್ದು ಮಾತ್ರ. ಮೊದಲು ಮಗಳು ನಕ್ಕಳು. ಆಮೇಲೆ ಹೆಂಡತಿ, ಸೆರಗು ಬಾಯಿಗಿಟ್ಟುಕೊಂಡು ನಗುವ ಸದ್ದು. ಆಮೇಲೆ ಕೊಯ್ಲಿನ ಅಣ್ಣ, ಅವನಿಗೆ ಸೆರಗಿಲ್ಲ. ಅಮ್ಮ ಒಳಗಿನಿಂದ ಬಂದು “ಎಂತ ಅದು, ಕನ್ನಡಕ ತನ್ನಿ” ಎಂದರು. ಆದದ್ದು ಏನೆಂದರೆ, ತುದಿಗೇರಿದ ಫೋನಿಗೆ ಐದು ಕಡ್ಡಿ ಸಿಕ್ಕಿ, ತಿರುಗುತ್ತಿದ್ದ ಗೋಲ ನಿಂತು, ಅದೂ ಮೀಟಿಂಗಿಗೆ ಸೇರಿಬಿಟ್ಟಿತ್ತು, ಕ್ಯಾಮರಾ ಸಮೇತ. ಪರದೆ ಕೆಳಮುಖ, ಆದ್ದರಿಂದ ಕ್ಯಾಮರಾವೂ ಕೆಳಮುಖ. ಬೆಂಗಳೂರು, ಪುಣೆ, ಜರ್ಮನಿಗಳಲ್ಲಿ ಕೂತ ಹದಿನಾಲ್ಕು ಮಂದಿಗೆ ಒಂದು ಚೌಕದಲ್ಲಿ ಭಾವನ ಮುಖ, ಇನ್ನೊಂದು ಚೌಕದಲ್ಲಿ ನಮ್ಮ ಮನೆ: ಹೆಂಚಿನ ಮಾಡು, ಅಂಗಳದಲ್ಲಿ ಒಣಹಾಕಿದ ಹಪ್ಪಳ, ಮೇಜಿನ ಮುಂದೆ ಭಾವನ ನೆತ್ತಿ, ನಟ್ಟ ನಡುವೆ ಬನಿಯನ್ನು ಲುಂಗಿಯಲ್ಲಿ ಆಕಾಶಕ್ಕೆ ಬಾಯಿ ತೆರೆದು ನಿಂತ ನಾನು.

“ಎಂತ ಆಯ್ತು?” ಎಂದೆ. ಒಂದು ಕ್ಷಣ ಬಿಟ್ಟು ಲ್ಯಾಪ್‌ಟಾಪು ನನ್ನದೇ ಸ್ವರದಲ್ಲಿ “ಎಂತ ಆಯ್ತು?” ಎಂದಿತು. ಮೇಲಿನ ಫೋನು ಕೇಳಿಸಿಕೊಂಡು ಬೆಂಗಳೂರಿಗೆ ಕಳಿಸಿ ಅಲ್ಲಿಂದ ಕೆಳಕ್ಕೆ ಬಂದದ್ದು. “ಯಾರು ಮಾತಾಡುವುದು?” ಎಂದೆ. “ಯಾರು ಮಾತಾಡುವುದು?” ಎಂದಿತು. ಭಾಗವತರು ಹಾಡಿದ್ದನ್ನೇ ವೇಷಧಾರಿ ಮತ್ತೆ ಹೇಳಿದ ಹಾಗೆ. ಒಬ್ಬರು ಯಾರೋ ಅತ್ತಲಿಂದ, “ಡ್ರೋನಾ?” ಎಂದು ಕೇಳಿದರು. ಭಾವ, “ಅಲ್ಲ, ನಮ್ಮ ಭಾವ” ಎಂದ. “ಓಹೋ, ಹೊಸ ಕಂಪೆನಿಯಾ?” ಎಂದರು ಅವರು.

ಆಗ ಒಂದು ಕಾಗೆ ಬಂದು ಮುಟ್ಟಾಳೆಯ ಮೇಲೆ ಕೂತಿತು. ದೋಟಿ ಬಾಗಿತು. ನಾನು “ಹುಶ್, ಹುಶ್” ಎಂದೆ. ಹದಿನಾಲ್ಕು ಮಂದಿಗೂ ಹುಶ್ ಎಂದು ಕೇಳಿ ಎಲ್ಲರೂ ಸುಮ್ಮನಾದರಂತೆ.

“ಮ್ಯೂಟ್ ಮಾಡಿ ಭಾವ, ಲೀವ್ ಮಾಡಿ!” ಎಂದು ಭಾವ ಅಂಗಲಾಚಿದ. ಲೀವ್ ಮಾಡುವ ಗುಂಡಿ 60 ಅಡಿ ಮೇಲಿತ್ತು. ದೋಟಿಯನ್ನು ಹಾಗೇ ಮಲಗಿಸಿದರೆ ಮುರಿಯುತ್ತದೆ, ಬುಡದಿಂದ ಒಂದೊಂದೇ ಗೆಣ್ಣು ಬಿಚ್ಚಿ ಒಳಗಿಳಿಸಬೇಕು, ಅದೂ ಇಬ್ಬರ ಕೆಲಸ. ಕೊಯ್ಲಿನ ಅಣ್ಣನನ್ನು ಕರೆದೆ. “ವಿಜ್ಞಾನದ ಕೆಲಸ ಅಲ್ವಾ ಅಣ್ಣೇರೆ” ಎಂದು ಹೇಳಿಯೇ ಬಂದ. ಒಂದು ಗೆಣ್ಣು ಇಳಿಯಿತು, ಹಪ್ಪಳ ದೊಡ್ಡದಾಯಿತು. ಇನ್ನೊಂದು ಇಳಿಯಿತು, ನಾನು ದೊಡ್ಡದಾದೆ. ಮೂರನೆಯದಕ್ಕೆ ಅಂಗಳ ಚೌಕದಿಂದ ಹೊರಗೆ ಹೋಗಿ ನನ್ನ ತಲೆ ಮಾತ್ರ ಉಳಿಯಿತು. ನಡುವೆ ಕೂದಲಿಲ್ಲದ ಒಂದು ಪದವು, ಕೆಳಗೆ ತೆರೆದ ಬಾಯಿ. ಸುಮಾರು ಇಪ್ಪತ್ತು ಅಡಿಗೆ ಬಂದಾಗ ರೇಂಜ್ ಹೋಯಿತು. ಹಾಟ್‌ಸ್ಪಾಟಿನ ಜೊತೆ ಭಾವನ ಲ್ಯಾಪ್‌ಟಾಪೂ ಹೋಯಿತು. ವಿವರಿಸುವವರೂ ಹೋದ ಆ ಮೀಟಿಂಗಿನಲ್ಲಿ ನನ್ನ ತಲೆಯೊಂದೇ ಕಲ್ಲಾಗಿ ಮುಕ್ಕಾಲು ನಿಮಿಷ ನಿಂತಿತ್ತಂತೆ. ಯಾರೋ ಅಷ್ಟರಲ್ಲಿ ಫೋಟೋ ಹೊಡೆದುಕೊಂಡರು.

ಭಾವನ ಫೋನಿನ ರೆಕಾರ್ಡು ನೋಡಲು ಅವನು ಬಿಡಲಿಲ್ಲ. ಪುಸ್ತಕದಲ್ಲಿ ಆ ಕೋಣೆ ಖಾಲಿ ಇದೆ. ಐದು ಕಡ್ಡಿ ಇತ್ತು ಎಂದು ಅವನೇ ಹೇಳಿದ್ದು, ಕಡ್ಡಿಯ ಮಾತು ನಾನು ನಂಬುವುದಿಲ್ಲ.

ಲ್ಯಾಪ್‌ಟಾಪು ಹೊತ್ತು ಅವನು ಮೂಡುಬಿದಿರೆಯ ಬಸ್ಸು ಹಿಡಿದ. ನಲವತ್ತು ನಿಮಿಷದಲ್ಲಿ ಅಡುಗೆಮನೆಯ ಕಡೆಯುವ ಕಲ್ಲಿನ ಮೇಲೆ ಅಮ್ಮನ ಫೋನು ಹೊಡೆದುಕೊಂಡಿತು. ಮೂಡುಬಿದಿರೆಯ ಚಿಕ್ಕಮ್ಮ. ಫೋಟೋ ಬೆಂಗಳೂರಿನಲ್ಲಿ ಭಾವನ ಹೆಂಡತಿಗೆ ತಲುಪಿ, ಅಲ್ಲಿಂದ ಕುಟುಂಬದ ಗ್ರೂಪಿಗೆ ಹೋಗಿ, ಚಿಕ್ಕಮ್ಮನ ಕೈಯಲ್ಲಿತ್ತು. “ಅಕ್ಕ, ನಿನ್ನ ಮಗ ಅಡಕೆ ಬಿಟ್ಟು ಫೋನು ಕೊಯ್ತಾನಂತೆ?” ಎಂದದ್ದು ಚಾವಡಿಗೂ ಕೇಳಿತು, ಆ ಫೋನಿನ ಸ್ಪೀಕರೂ ಒಳ್ಳೆಯದೇ. ಅಮ್ಮ ಮುಕ್ಕಾಲು ಗಂಟೆ ಮಾತಾಡಿದರು. ಒಂದು ಸಲವೂ ಕಟ್ಟಾಗಲಿಲ್ಲ.

ಇದು ನಡೆದು ಒಂಬತ್ತು ದಿನ. ಹೊಸ ಮೋಡೆಮ್ ‘ನಾಳೆ’ ಎಂದಿದ್ದಾರೆ, ಅದೂ ಒಂಬತ್ತು ದಿನದಿಂದ. ಮಳೆ ಹಿಡಿದಿದೆ. ಮದ್ದು ಬಿಡಲು ಬಂದ ಅಣ್ಣ “ಇವತ್ತು ಅಡಕೆಗಾ, ಫೋನಿಗಾ?” ಎಂದು ಕೇಳಿ ಹೋದ. ಮಗಳು ನೋಡಿದ್ದಾಳೆ, ಹೆಂಡತಿ ನೋಡಿದ್ದಾಳೆ, ಶಿರ್ತಾಡಿಯ ಅಂಗಡಿಯವರು ನೋಡಿದ್ದಾರೆ, ಜರ್ಮನಿಯಲ್ಲಿ ಒಬ್ಬರು ನೋಡಿದ್ದಾರೆ. ಭಾವ ನನಗೂ ಕಳಿಸಿದ್ದಾನೆ. ಈಗ ಅಟ್ಟದಲ್ಲಿ, ಕಡಾಯಿಯ ಪಕ್ಕ, ಕೈ ಎತ್ತಿ ಹಿಡಿದು ಕೂತಿದ್ದೇನೆ. −113. ಮಸುಕು ಮಸುಕಾಗಿ ಏನೋ ಒಂದು ಉರುಟಾದದ್ದು ಕಾಣುತ್ತಿದೆ, ನನ್ನ ತಲೆಯೋ ಅಂಗಳದ ತೆಂಗಿನಕಾಯಿಯೋ ಗೊತ್ತಾಗುತ್ತಿಲ್ಲ. ಅದರ ಮೇಲೆ ಗೋಲ ತಿರುಗುತ್ತಾ ಇದೆ.